ಹಳೆಯ ನೆಲ ಕೀಳುವ ಮುನ್ನ: ಕಲ್ನಾರು ಟೈಲು, ಕಪ್ಪು ಅಂಟು ಮತ್ತು ಕಡಿಮೆ ಖರ್ಚಿನ ದಾರಿ

(ಮನೆ ನವೀಕರಣ ಕುರಿತ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಆಸ್ಬೆಸ್ಟಾಸ್‌ಗೆ ಕನ್ನಡದಲ್ಲಿ ಕಲ್ನಾರು ಅನ್ನುತ್ತೇವೆ. ಕಲ್ಲೂ ಹೌದು, ನಾರೂ ಹೌದು. ಕಲ್ಲಿನಂತೆ ಗಟ್ಟಿಯಾಗಿ ಬಿದ್ದಿರುವಷ್ಟು ದಿನ ಅದರ ಪಾಡಿಗೆ ಅದು ಇರುತ್ತದೆ. ಒಡೆದು, ತುರಿದು, ಪುಡಿಯಾಗಿ ನಾರು ಗಾಳಿಗೆ ಏರಿದ ಮೇಲೆ ಕೇಡು ಶುರು. ಇವತ್ತು ಹೇಳುವುದೆಲ್ಲ ಇದರ ಮೇಲೆಯೇ ನಿಂತಿದೆ: ಹಳೆಯ ನೆಲದಲ್ಲಿ ಅಪಾಯ ಹುಟ್ಟುವುದು ನಾವು ಕೈಯಲ್ಲಿ ಹಿಡಿದ ಸಲಕರಣೆಯಿಂದ.

ಹಳೆ ಮನೆ, ಕೈಯಲ್ಲಿ ಅಳತೆಯ ದುಡ್ಡು. ಕಾರ್ಪೆಟ್ಟಿನ ಒಂದು ಮೂಲೆ ಎತ್ತಿದರೆ ಕೆಳಗೆ ಕಂದು, ಬೂದು ಅಥವಾ ಮಾಸಲು ಹಸಿರು ಬಣ್ಣದ ಚದರ ಟೈಲುಗಳು, ಮೇಲೆ ಹೊಗೆ ಎಳೆದಂಥ ಗೆರೆಗಳು. ಅದರ ಮೇಲೆ ಕೈಯಿಟ್ಟು ಬೆರಳು ಅಗಲಿಸಿ. ಹೆಬ್ಬೆರಳಿನಿಂದ ಕಿರುಬೆರಳಿನವರೆಗೆ ಒಂದು ಗೇಣು ಸರಿಹೊಂದಿತೇ? ಗೇಣೆಂದರೆ ಸುಮಾರು 9 ಇಂಚು. ವಿನೈಲ್-ಕಲ್ನಾರು ಟೈಲುಗಳಲ್ಲಿ, ಅಂದರೆ ವಿನೈಲ್ ಎಂಬ ಪ್ಲಾಸ್ಟಿಕ್ಕಿಗೆ ಕಲ್ನಾರು ಬೆರೆಸಿ ಮಾಡಿದ ಟೈಲುಗಳಲ್ಲಿ, ಹೆಚ್ಚಿನವು ಇದೇ ಅಳತೆಯವು: 9 ಇಂಚು ಉದ್ದ, 9 ಇಂಚು ಅಗಲ, 2ರಿಂದ 3 ಮಿಲಿಮೀಟರ್ ದಪ್ಪ. ಗೇಣು ಹೊಂದಿದರೆ ಕಾರ್ಪೆಟ್ ಎಳೆಯುವ ಕೆಲಸ ಅಲ್ಲಿಗೇ ನಿಲ್ಲಿಸಿ.

ಹೊಂದಲಿಲ್ಲ ಎಂದಮಾತ್ರಕ್ಕೆ ನಿರಾಳವಾಗುವಂತಿಲ್ಲ. 12 ಇಂಚಿನ ಟೈಲುಗಳಲ್ಲೂ ಕಲ್ನಾರು ಬಳಸಿದ್ದಾರೆ. 1920ರ ದಶಕದಿಂದ ಬಂದ ಡಾಂಬರು ಟೈಲುಗಳಲ್ಲಿತ್ತು, 1950ರಿಂದ 1980ರ ದಶಕದವರೆಗೆ ಮೆರೆದ ವಿನೈಲ್ ಟೈಲುಗಳಲ್ಲಿತ್ತು, ಅವನ್ನು ಕೂರಿಸಿದ ಕಪ್ಪು ಡಾಂಬರು ಅಂಟಿನಲ್ಲೂ ಎಷ್ಟೋ ಕಡೆ ಇತ್ತು. ಇವೆಲ್ಲಕ್ಕಿಂತ ಕೆಟ್ಟದ್ದು ಸುರುಳಿಯಾಗಿ ಬರುತ್ತಿದ್ದ ವಿನೈಲ್ ಹಾಳೆ. ಅದರ ಬೆನ್ನಿಗೆ ರಟ್ಟಿನಂಥ, ಬೂದು-ಬಿಳಿ ಬಣ್ಣದ ಒಂದು ಪದರ ಇರುತ್ತದೆ. ಆ ಪದರದ ಅರ್ಧಕ್ಕಿಂತ ಹೆಚ್ಚು ಭಾಗ ಬರೀ ಕಲ್ನಾರೇ ಆಗಿರುವುದೂ ಉಂಟು. ಟೈಲಿನಲ್ಲಿ ನಾರನ್ನು ವಿನೈಲು ಬಿಗಿಯಾಗಿ ಹಿಡಿದಿರುತ್ತದೆ. ಈ ರಟ್ಟು ಹಾಗಲ್ಲ, ಎಳೆದರೆ ಹರಿದು ಹಿಂಜಿದ ಹತ್ತಿಯಂತೆ ಬಿಚ್ಚಿಕೊಳ್ಳುತ್ತದೆ. ಇದನ್ನು ನೆನಪಿಟ್ಟುಕೊಳ್ಳಿ, ಮತ್ತೆ ಇಲ್ಲಿಗೇ ಬರುತ್ತೇವೆ.

ಮನೆ ಕಟ್ಟಿದ ವರ್ಷ ಅನುಮಾನಕ್ಕೆ ಸಾಕು, ತೀರ್ಮಾನಕ್ಕೆ ಸಾಲದು. ಬ್ರಿಟನ್ 1999ರಲ್ಲಿ, ಆಸ್ಟ್ರೇಲಿಯಾ 2003ರ ಕೊನೆಯಲ್ಲಿ, ಐರೋಪ್ಯ ಒಕ್ಕೂಟ 2005ರಲ್ಲಿ, ಕೆನಡಾ 2018ರಲ್ಲಿ ಕಲ್ನಾರನ್ನು ನಿಷೇಧಿಸಿದವು. ಪೂರ್ತಿ ನಿಷೇಧ ಇಲ್ಲದ ದೇಶಗಳು ಇಂದಿಗೂ ಇವೆ. ಗೋದಾಮಿನಲ್ಲಿ ಉಳಿದ ಹಳೆ ಮಾಲು ಹೊಸ ಮನೆಗೆ ಹೋಗಿರಲೂಬಹುದು.

ಇದು ಏಕೆ ಇಷ್ಟು ಭಯದ ವಿಷಯ? ತಜ್ಞರು ಗಾಳಿಯಲ್ಲಿ ಎಣಿಸುವ ಕಲ್ನಾರಿನ ಎಳೆ 3 ಮೈಕ್ರಾನಿಗಿಂತ ತೆಳು. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. ತಲೆಗೂದಲು ಸುಮಾರು 70 ಮೈಕ್ರಾನ್. ಅಷ್ಟು ತೆಳುವಾದದ್ದು ಕಣ್ಣಿಗೆ ಕಾಣದು, ಮೂಗಿಗೆ ವಾಸನೆ ಇಲ್ಲ, ಗಂಟಲಿಗೆ ಕೆರೆತ ಇಲ್ಲ. ನಿಶ್ಚಲ ಗಾಳಿಯಲ್ಲೂ ಗಂಟೆಗಟ್ಟಲೆ ತೇಲುತ್ತದೆ. ಶ್ವಾಸಕೋಶದ ಆಳಕ್ಕೆ ಹೋದರೆ ಕರಗುವುದಿಲ್ಲ. ಶ್ವಾಸಕೋಶದ ಕ್ಯಾನ್ಸರ್, ಮೆಸೊಥೆಲಿಯೋಮಾದಂಥ (ಶ್ವಾಸಕೋಶ, ಹೊಟ್ಟೆಯ ಸುತ್ತಲಿನ ಪೊರೆಯ ಕ್ಯಾನ್ಸರ್) ರೋಗಗಳು ತಲೆಯೆತ್ತುವುದು ಸಾಮಾನ್ಯವಾಗಿ 20ರಿಂದ 40 ವರ್ಷಗಳ ನಂತರ. ಬೀಡಿ-ಸಿಗರೇಟು ಸೇದುವವರಿಗೆ ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಹಲವು ಪಟ್ಟು. ಕೆಲಸ ಮಾಡಿದ ದಿನ ಏನೂ ಆಗದಿರುವುದರಿಂದಲೇ "ನಾವು ಎಷ್ಟು ಕಿತ್ತಿದ್ದೇವೆ, ಏನಾಗಿದೆ?" ಅನ್ನುವ ಧೈರ್ಯದ ಮಾತು ಎಲ್ಲ ಕಡೆ ಕೇಳಿಬರುವುದು. ಆ ಮಾತಿಗೆ ಬೆಲೆ ಕೊಡಬೇಡಿ.

ಹಾಗೆಂದು ಇಲಿಗೆ ಹೆದರಿ ಮನೆಗೆ ಬೆಂಕಿ ಇಡುವ ಕೆಲಸವೂ ಬೇಡ. ಬಿರುಕಿಲ್ಲದೆ ಅಂಟಿಕೊಂಡಿರುವ ಟೈಲಿನ ಮೇಲೆ ಓಡಾಡಿದರೆ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಚಿಂತಿಸಬೇಕಾದಷ್ಟು ನಾರು ಏಳುವುದಿಲ್ಲ. ಕೆಡುಕು ಮಾಡುವವು ಇವು: ಗ್ರೈಂಡರ್, ಸ್ಯಾಂಡಿಂಗ್ ಯಂತ್ರ, ಡ್ರಿಲ್, ಗರಗಸ, ಒಣ ಕೆರೆತ, ಪೊರಕೆ. ಮತ್ತೆ ಮನೆಯ ಸಾಮಾನ್ಯ ವ್ಯಾಕ್ಯೂಮ್ ಕ್ಲೀನರ್. ಅದು ಮುಂದಿನಿಂದ ಧೂಳು ಎಳೆದು ಹಿಂದಿನಿಂದ ನಾರನ್ನು ಇಡೀ ಕೋಣೆಗೆ ಹಂಚುತ್ತದೆ.

ಮೊದಲ ಖರ್ಚು ಪರೀಕ್ಷೆಗೆ

ದುಡ್ಡು ಕಡಿಮೆ ಇರುವವರು ಮೊದಲು ಕತ್ತರಿ ಹಾಕುವುದು ಪರೀಕ್ಷೆಯ ಖರ್ಚಿಗೆ. ಇದು ತಲೆಕೆಳಗಾದ ಲೆಕ್ಕ. ವರದಿಯಲ್ಲಿ ಕಲ್ನಾರು ಇಲ್ಲ ಎಂದು ಬಂದರೆ ಮುಂದಿನ ಎಲ್ಲ ವಿಶೇಷ ಖರ್ಚೂ ಉಳಿಯಿತು. ಇದೆ ಎಂದು ಬಂದರೆ ಎಲ್ಲಿ ಮುಟ್ಟಬಾರದು ಎಂಬುದು ಖಚಿತವಾಯಿತು. ಪರೀಕ್ಷೆ ಇಲ್ಲದೆಯೂ ನಡೆಯುವ ಸಂದರ್ಭ ಒಂದೇ: ಏನೂ ಕೀಳುವುದಿಲ್ಲ, ಮೇಲೆ ಹೊಸ ನೆಲ ಹಾಸುತ್ತೇವೆ ಎಂದು ಗಟ್ಟಿಯಾಗಿ ನಿರ್ಧರಿಸಿದ್ದರೆ. ಆಗ ಇದೆ ಎಂದೇ ಭಾವಿಸಿ ನಡೆದುಕೊಂಡರಾಯಿತು.

ಮಾದರಿ ತೆಗೆಯಲು ಪ್ರಯೋಗಾಲಯದವರನ್ನೇ ಕರೆಸುವುದು ಒಳ್ಳೆಯದು. ಮನೆಯವರೇ ತೆಗೆಯಲು ಅಲ್ಲಿನ ನಿಯಮ ಒಪ್ಪುವುದಾದರೆ ಕ್ರಮ ಹೀಗಿರಲಿ. ಫ್ಯಾನ್, ಏಸಿ ಆರಿಸಿ. ಬೀರುವಿನ ಒಳಗೆ, ಫ್ರಿಜ್ ಇಡುವ ಜಾಗದ ಮೂಲೆಯಲ್ಲಿ, ಹೀಗೆ ಕಣ್ಣಿಗೆ ಬೀಳದ ಕಡೆ ಈಗಾಗಲೇ ಸಡಿಲವಾದ ಚೂರು ಸಿಕ್ಕರೆ ಅದನ್ನೇ ಆರಿಸಿಕೊಳ್ಳಿ. ಒಂದು ಲೀಟರ್ ನೀರಿಗೆ ಒಂದು ಚಮಚ ಪಾತ್ರೆ ತೊಳೆಯುವ ದ್ರಾವಣ ಬೆರೆಸಿ ಸ್ಪ್ರೇ ಬಾಟಲಿಯಿಂದ ಸಿಂಪಡಿಸಿ. ಬರೀ ನೀರು ಟೈಲಿನ ಮೇಲೆ ಮುತ್ತುಗಟ್ಟಿ ನಿಲ್ಲುತ್ತದೆ. ಸೋಪು ಬೆರೆತ ನೀರು ಸಂದಿಗೆ ಇಳಿಯುತ್ತದೆ. ಇಕ್ಕಳದಿಂದ ನಾಣ್ಯದಷ್ಟು ಚೂರನ್ನು, ಕೆಳಗಿನ ಕಪ್ಪು ಅಂಟಿನ ಸಮೇತ, ಮುರಿದು ಜಿಪ್ ಚೀಲಕ್ಕೆ ಹಾಕಿ. ಆ ಚೀಲವನ್ನು ಇನ್ನೊಂದು ಚೀಲದೊಳಗೆ ಹಾಕಿ ಕೋಣೆಯ ಹೆಸರು ಬರೆಯಿರಿ. ಮುರಿದ ಅಂಚಿಗೆ ಡಕ್ಟ್ ಟೇಪ್ ಅಂಟಿಸಿ, ಇಕ್ಕಳವನ್ನು ಒದ್ದೆ ಬಟ್ಟೆಯಿಂದ ಒರೆಸಿ, ಬಟ್ಟೆಯನ್ನೂ ಚೀಲಕ್ಕೆ ಸೇರಿಸಿ. ಇದಿಷ್ಟಕ್ಕೂ ಮುಖವಾಡ ಬೇಕು. ಯಾವ ಮುಖವಾಡ ಎಂಬುದು ಮುಂದೆ ಬರುತ್ತದೆ.

ಬಣ್ಣ ಬೇರೆಯಾದರೆ, ಕೋಣೆ ಬೇರೆಯಾದರೆ, ಪದರ ಬೇರೆಯಾದರೆ ಮಾದರಿಯೂ ಬೇರೆ. ಅಡುಗೆಮನೆಯ ನೆಲದಲ್ಲಿ ಒಂದರ ಮೇಲೊಂದು ಮೂರು ಪದರ ಸಿಗುವುದು ಅಪರೂಪವೇನಲ್ಲ. ಟೈಲು ಮತ್ತು ಅಂಟಿನ ಫಲಿತಾಂಶವನ್ನು ಬೇರೆ ಬೇರೆಯಾಗಿ ಕೊಡಿ ಎಂದು ಪ್ರಯೋಗಾಲಯಕ್ಕೆ ಬರೆದು ತಿಳಿಸಿ. ಇನ್ನೊಂದು ಸೂಕ್ಷ್ಮ ಇದೆ, ಬಹಳ ಜನಕ್ಕೆ ಗೊತ್ತಿಲ್ಲ. ಸಾಮಾನ್ಯ ಪರೀಕ್ಷೆ ನಡೆಯುವುದು ಧ್ರುವೀಕೃತ ಬೆಳಕಿನ ಸೂಕ್ಷ್ಮದರ್ಶಕದಲ್ಲಿ. ಟೈಲಿಗೆ ಬೆರೆಸಿದ ನಾರು ಬಹಳ ಸಣ್ಣದಾಗಿರುವುದರಿಂದ ಅದರ ಕಣ್ಣಿಗೂ ತಪ್ಪಿಸಿಕೊಳ್ಳಬಹುದು. ಗೇಣಳತೆಯ ಟೈಲಿಗೆ "ಇಲ್ಲ" ಎಂಬ ವರದಿ ಬಂದು, ನೀವು ಅದನ್ನು ಕೀಳುವವರೇ ಆಗಿದ್ದರೆ, ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಪರೀಕ್ಷೆಯನ್ನೂ ಕೇಳಿ. ಪರೀಕ್ಷೆ ಮಾಡುವವರು ಮತ್ತು ಕೀಳುವ ಗುತ್ತಿಗೆದಾರರು ಒಬ್ಬರೇ ಆಗಿರಬಾರದು. ಕಾರಣ ಬಿಡಿಸಿ ಹೇಳಬೇಕಿಲ್ಲ.

ಮುಚ್ಚುವುದು: ಅಗ್ಗವೂ ಹೌದು, ಸುರಕ್ಷಿತವೂ ಹೌದು

ಅಗ್ಗದ ದಾರಿ ಮತ್ತು ಸುರಕ್ಷಿತ ದಾರಿ ಒಂದೇ ಆಗಿರುವುದು ನವೀಕರಣದಲ್ಲಿ ಅಪರೂಪ. ಇಲ್ಲಿ ಹಾಗಿದೆ. ಟೈಲು ಗಟ್ಟಿಯಾಗಿದ್ದರೆ ಮುಚ್ಚಿಬಿಡಿ. ಹೆಚ್ಚಿನ ಮನೆಗಳಿಗೆ ನಮ್ಮ ಸಲಹೆ ಇದೇ.

ಆದರೆ ಅಲ್ಲಲ್ಲಿ ಟೈಲು ಎದ್ದಿದ್ದರೆ ಮುಚ್ಚುವ ಮೊದಲು ಒಂದು ಪ್ರಶ್ನೆ ಕೇಳಬೇಕು: ಅದು ಏಕೆ ಸಡಿಲವಾಗಿದೆ? ಒಂದೆರಡು ಮಾತ್ರ ಎದ್ದಿದ್ದರೆ ಅಂಟು ಹಳತಾಗಿದೆ, ಅಷ್ಟೆ. ಗೋಡೆಯುದ್ದಕ್ಕೂ ಸಾಲಾಗಿ ಎದ್ದಿದ್ದರೆ, ಸಂದಿಗಳಲ್ಲಿ ಬಿಳಿ ಉಪ್ಪು ಕಾಣುತ್ತಿದ್ದರೆ, ಕಾಂಕ್ರೀಟಿನ ಕೆಳಗಿನಿಂದ ತೇವ ಬರುತ್ತಿದೆ. ಟೈಲು ಇಲ್ಲದ ಜಾಗದಲ್ಲಿ 45 ಸೆಂಟಿಮೀಟರ್ ಉದ್ದ, ಅಷ್ಟೇ ಅಗಲದ ಪಾಲಿಥೀನ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಾಕಿ ಕನಿಷ್ಠ 16 ಗಂಟೆ ಬಿಡಿ. ಎತ್ತಿ ನೋಡಿದಾಗ ಹಾಳೆಯ ಕೆಳಗೆ ಹನಿ ಕಟ್ಟಿದ್ದರೆ, ಕಾಂಕ್ರೀಟು ಕಪ್ಪಗಾಗಿದ್ದರೆ, ತೇವದ ಮೂಲ ಸರಿಪಡಿಸುವವರೆಗೆ ಏನನ್ನೂ ಹಾಸಬೇಡಿ. ಹಾಸಿದರೆ ಹೊಸ ನೆಲದ ಕೆಳಗೆ ಬೂಸ್ಟು ಹಿಡಿಯುತ್ತದೆ. ಎರಡು ವರ್ಷದಲ್ಲಿ ಹೊಸದನ್ನೂ ಹಳೆಯದನ್ನೂ ಒಟ್ಟಿಗೆ ಕೀಳುವ ಸ್ಥಿತಿ ಬರುತ್ತದೆ.

ತೇವ ಇಲ್ಲದಿದ್ದರೆ ಮುಂದಿನದು ಸುಲಭ. ಎದ್ದ ಟೈಲನ್ನು ಅಂಟು ಹಾಕಿ ಮತ್ತೆ ಕೂರಿಸಿ, ಮೇಲೆ ಒಂದು ರಾತ್ರಿ ಭಾರ ಇಡಿ. ಟೈಲು ಹೋದ ಗುಂಡಿಗೆ ನೆಲ ತುಂಬುವ ಸಿಮೆಂಟ್ ಪುಟ್ಟಿಯನ್ನು ಕರಣೆಯಿಂದ ಸಮವಾಗಿ ಎಳೆಯಿರಿ. ಒಣಗಿದ ಮೇಲೆ ಉಬ್ಬು ಕಂಡಿತೆಂದು ಉಜ್ಜುವ ಕಾಗದ ಹಿಡಿಯಬೇಡಿ. ಪಕ್ಕದ ಟೈಲೂ ಸವೆಯುತ್ತದೆ. ಹಸಿಯಿರುವಾಗಲೇ ಒದ್ದೆ ಸ್ಪಂಜಿನಿಂದ ತಿದ್ದಿಕೊಳ್ಳಬೇಕು.

ಇದರ ಮೇಲೆ ತೇಲುವ ನೆಲ, ಅಂದರೆ ಒಂದಕ್ಕೊಂದು ಕಚ್ಚಿಕೊಳ್ಳುವ ಲ್ಯಾಮಿನೇಟ್ ಅಥವಾ ವಿನೈಲ್ ಹಲಗೆ. ಮೊಳೆ ಇಲ್ಲ, ಅಂಟಿಲ್ಲ, ನಾಳೆ ಬೇಕೆಂದರೆ ಹಳೆ ಟೈಲಿಗೆ ಏನೂ ಆಗದಂತೆ ಬಿಚ್ಚಬಹುದು. ಲ್ಯಾಮಿನೇಟಿನ ಕೆಳಗೆ 2 ಮಿಲಿಮೀಟರಿನ ಫೋಮ್ ಹಾಸು, ಗೋಡೆಯ ಸುತ್ತ 8ರಿಂದ 10 ಮಿಲಿಮೀಟರ್ ಸಂದಿ. ಈ ಸಂದಿ ಬಿಡದೆ ಗೋಡೆಗೆ ಒತ್ತಿ ಹಾಸಿದರೆ ಹಲಗೆ ಹಿಗ್ಗಿದಾಗ ನಡುವೆ ಉಬ್ಬಿ ನಿಲ್ಲುತ್ತದೆ. ಅಂಟಿಸುವ ವಿನೈಲ್ ಅಗ್ಗವಾಗಿ ಸಿಕ್ಕಿತೆಂದು ನೇರ ಹಳೆ ಡಾಂಬರು ಅಂಟಿನ ಮೇಲೆ ಹಾಕಿದರೆ ಕೆಲವು ತಿಂಗಳಲ್ಲಿ ಡಾಂಬರು ಒಸರಿ ಹೊಸ ವಿನೈಲಿನ ಮೇಲೆ ಹಳದಿ-ಕಂದು ಕಲೆ ಕಾಣಿಸಿಕೊಳ್ಳುತ್ತದೆ. ಒರೆಸಿದರೆ ಹೋಗುವ ಕಲೆಯಲ್ಲ ಅದು. ಸೆರಾಮಿಕ್ ಟೈಲೇ ಬೇಕು ಎನ್ನುವವರು ಗಮನಿಸಿ: ಸಿಮೆಂಟ್ ಗಾರೆ ನಯವಾದ ವಿನೈಲನ್ನು ತಾನಾಗಿ ಹಿಡಿಯುವುದಿಲ್ಲ. ಹಿಡಿಯಲಿ ಎಂದು ಮೇಲ್ಮೈ ಒರಟು ಮಾಡಲು ಇಲ್ಲಿ ಅವಕಾಶವಿಲ್ಲ. ಹಳೆಯ ವಿನೈಲಿಗೆಂದೇ ತಯಾರಕರು ಸೂಚಿಸಿದ ಪ್ರೈಮರ್ ಇಲ್ಲದೆ ಆ ಕೆಲಸ ಬೇಡ.

ಮುಚ್ಚುವ ಕೆಲಸ ಎಡವುವುದು ದೊಡ್ಡ ವಿಷಯದಲ್ಲಿ ಅಲ್ಲ, ಕೊನೆಯ ಅರ್ಧ ಗಂಟೆಯಲ್ಲಿ. ಹಲಗೆ ಹಾಸಿ ಮುಗಿಸಿದ ಕೆಲಸಗಾರ ಹೊಸ್ತಿಲಿನ ಲೋಹದ ಪಟ್ಟಿ ಕೂರಿಸಲು ಡ್ರಿಲ್ ತೆಗೆದು ನೆಲಕ್ಕೆ ಆರು ತೂತು ಕೊರೆಯುತ್ತಾನೆ. ಬಾಗಿಲು ಗೋಡೆಗೆ ಬಡಿಯದಂತೆ ತಡೆಯುವ ಗುಬುಟಿಗೆ ಇನ್ನೊಂದು ತೂತು. ಕಮೋಡ್ ಕೂರಿಸಲು ನಾಲ್ಕು. ಕೆಳಗಿರುವುದು ಅದೇ ಟೈಲು. ಹೊಸ್ತಿಲಿಗೆ ಅಂಟಿಸುವ ಪಟ್ಟಿ ತನ್ನಿ, ಬಾಗಿಲ ತಡೆಯನ್ನು ಗೋಡೆಗೆ ಹಾಕಿಸಿ, ಕಮೋಡಿಗೆ ಹಳೆಯ ತೂತುಗಳನ್ನೇ ಬಳಸಿ. ಗೋಡೆಯ ಬುಡದ ಸ್ಕರ್ಟಿಂಗ್ ಕೀಳಲೂ ಹೋಗಬೇಡಿ. ಅದರ ಅಡಿಗೆ ಸಿಕ್ಕಿಕೊಂಡ ಟೈಲಿನ ಅಂಚು ಒಡೆಯುತ್ತದೆ. ಅದರ ಮುಂದೆ ಸಂದಿ ಮುಚ್ಚುವಂತೆ ಒಂದು ಕಾಲುದುಂಡಿನ (ಕ್ವಾರ್ಟರ್ ರೌಂಡ್) ಪಟ್ಟಿ ಸೇರಿಸಿ, ಮೊಳೆಯನ್ನು ಸ್ಕರ್ಟಿಂಗಿಗೆ ಹೊಡೆಯಿರಿ, ನೆಲಕ್ಕಲ್ಲ. ಕಾರ್ಪೆಟ್ಟಿನ ಅಂಚನ್ನು ಹಿಡಿದಿಡುವ ಮೊಳೆಪಟ್ಟಿಯದೂ ಇದೇ ಕಥೆ: ಅದನ್ನು ಟೈಲಿನ ಮೂಲಕ ಹೊಡೆದಿರುತ್ತಾರೆ, ಮೀಟಿದರೆ ಟೈಲಿನ ತುಂಡೂ ಎದ್ದುಬರುತ್ತದೆ. ಪಟ್ಟಿಯನ್ನು ಅಲ್ಲೇ ಬಿಟ್ಟು ಮೊಳೆಯ ತುದಿಗಳನ್ನು ಇಕ್ಕಳದಿಂದ ತುಂಡರಿಸಬಹುದೇ ಎಂದು ಮೊದಲು ನೋಡಿ.

ಎತ್ತರದ ಲೆಕ್ಕವನ್ನೂ ಮೊದಲೇ ಹಾಕಿ. 8 ಮಿಲಿಮೀಟರ್ ಹಲಗೆ, 2 ಮಿಲಿಮೀಟರ್ ಹಾಸು, ಒಟ್ಟು ಒಂದು ಸೆಂಟಿಮೀಟರ್. ಬಾಗಿಲ ಕೆಳ ಅಂಚು ಕತ್ತರಿಸಬೇಕಾದೀತು. ಹಳೆಯ ಬಾಗಿಲಿಗೆ ಸೀಸದ ಬಣ್ಣ ಬಳಿದಿರಬಹುದು, ಗರಗಸ ಹಿಡಿಯುವ ಮುನ್ನ ಅದನ್ನೂ ಪರೀಕ್ಷಿಸಿ. ಕಟ್ಟೆಯ ಕೆಳಗೆ ತೂರಿಸಿದ ಪಾತ್ರೆ ತೊಳೆಯುವ ಯಂತ್ರ ಮತ್ತೆ ಹೊರಬರುವುದೇ ನೋಡಿ. ಮೆಟ್ಟಿಲ ತುದಿಯಲ್ಲಿ ಕೊನೆಯ ಮೆಟ್ಟಿಲು ಮಾತ್ರ ಒಂದು ಸೆಂಟಿಮೀಟರ್ ಹೆಚ್ಚಾಗುತ್ತದೆ. ಕಾಲಿಗೆ ಆ ವ್ಯತ್ಯಾಸ ತಿಳಿಯದು, ಕತ್ತಲಲ್ಲಿ ಎಡವುತ್ತಾರೆ.

ಕೀಳಲೇಬೇಕಾದರೆ

ಟೈಲು ಅರ್ಧಕ್ಕರ್ಧ ಒಡೆದಿದ್ದರೆ, ಕೆಳಗಿನ ಪೈಪು ಬದಲಿಸಬೇಕಾದರೆ ಮುಚ್ಚುವುದರಿಂದ ಆಗದು. ಮನೆಯ ಮಾಲೀಕರೇ ಕೀಳಬಹುದೇ ಎಂಬುದನ್ನು ಅಲ್ಲಲ್ಲಿನ ಕಾನೂನು ಹೇಳುತ್ತದೆ. ಆಸ್ಟ್ರೇಲಿಯಾದ ಹೆಚ್ಚಿನ ರಾಜ್ಯಗಳಲ್ಲಿ ಗಟ್ಟಿಯಾಗಿ ಬೆಸೆದ ಕಲ್ನಾರು 10 ಚದರ ಮೀಟರ್‌ವರೆಗೆ ಪರವಾನಗಿ ಇಲ್ಲದೆ ನಡೆಯುತ್ತದೆ. ಬೇರೆ ಕಡೆ ಬೇರೆ ಮಿತಿ. ಕಸ ಎಲ್ಲಿ ತೆಗೆದುಕೊಳ್ಳುತ್ತಾರೆ, ಹೇಗೆ ಕಟ್ಟಿ ತರಬೇಕು ಎಂದು ಮೊದಲು ಕೇಳಿ ಆಮೇಲೆ ಉಳಿ ಹಿಡಿಯಿರಿ. ಎಲ್ಲ ಕಿತ್ತು ಕಟ್ಟಿಟ್ಟ ಮೇಲೆ ಯಾರೂ ತೆಗೆದುಕೊಳ್ಳದೆ ಚೀಲಗಳು ಹಿತ್ತಲಲ್ಲಿ ಕೊಳೆಯುವುದು ಇದನ್ನು ಕೇಳದೆ ಬಿಟ್ಟವರ ಪಾಡು.

ಬೆನ್ನಿಗೆ ರಟ್ಟು ಇರುವ ವಿನೈಲ್ ಹಾಳೆಯನ್ನು ಮಾತ್ರ ಯಾವ ಕಾರಣಕ್ಕೂ ನೀವಾಗಿ ಎಳೆಯಬೇಡಿ. ಮೇಲಿನ ಹಾಳೆ ಬೆಣ್ಣೆಯಂತೆ ಸಲೀಸಾಗಿ ಎದ್ದುಬರುತ್ತದೆ, ರಟ್ಟು ನಡುವೆ ಸೀಳಿ ಅರ್ಧ ನೆಲದಲ್ಲೇ ಉಳಿಯುತ್ತದೆ. ಸುಲಭ ಅನ್ನಿಸುವುದೇ ಅದರ ಮೋಸ. ಅದು ಪರವಾನಗಿ ಇದ್ದವರ ಕೆಲಸ.

ಟೈಲಿನ ವಿಷಯಕ್ಕೆ ಬರೋಣ. ಸರ್ಜಿಕಲ್ ಮಾಸ್ಕ್ ಆಗದು, ಎನ್95 ಮಾಸ್ಕ್ ಕೂಡ ಸಾಲದು. ರಬ್ಬರಿನ ಅರ್ಧಮುಖದ ಮುಖವಾಡಕ್ಕೆ ಪಿ100 ಅಥವಾ ಪಿ3 ದರ್ಜೆಯ, ಅತಿ ಸಣ್ಣ ಧೂಳನ್ನೂ ತಡೆಯುವ ಫಿಲ್ಟರ್ ಹಾಕಿದ್ದೇ ಬೇಕು. ಗಡ್ಡ ಇದ್ದರೆ ಅಂಚು ಕೂರುವುದಿಲ್ಲ, ಎರಡು ದಿನದ ಕುರುಚಲೂ ಸಾಕು ಕೆಡಿಸಲು. ಫಿಲ್ಟರುಗಳಿಗೆ ಅಂಗೈ ಅಡ್ಡ ಹಿಡಿದು ಉಸಿರೆಳೆದಾಗ ಮುಖವಾಡ ಕೆನ್ನೆಗೆ ಒತ್ತಿಕೊಳ್ಳಬೇಕು. ಮೈಗೆ ಟೋಪಿ ಇರುವ, ಒಮ್ಮೆ ಹಾಕಿ ಎಸೆಯುವ ಕವಚ. ಕೋಣೆಯಿಂದ ಸಾಮಾನು ಹೊರಗೆ, ಏಸಿಯ ಗಾಳಿಕಿಂಡಿಗೆ ಮತ್ತು ಬಾಗಿಲಿಗೆ 0.15 ಮಿಲಿಮೀಟರ್ ದಪ್ಪದ ಪಾಲಿಥೀನ್.

10 ಚದರ ಮೀಟರಿನ ಕೋಣೆ ಎಂದರೆ ಸುಮಾರು 190 ಟೈಲು, ತೂಕ 50ರಿಂದ 60 ಕಿಲೋ. ಇಲ್ಲಿ ಗುರಿ ವೇಗವಲ್ಲ, ಒಡೆಯದೆ ಎಬ್ಬಿಸಿದ ಟೈಲುಗಳ ಸಂಖ್ಯೆ. ಸೋಪಿನ ನೀರು ಸಿಂಪಡಿಸಿ ಸಂದಿಗೆ ಇಳಿಯಲು ಬಿಡಿ. ಈಗಾಗಲೇ ಸಡಿಲವಿರುವ ಟೈಲಿನಿಂದ ಶುರುಮಾಡಿ. 10 ಸೆಂಟಿಮೀಟರ್ ಅಗಲದ, ಬಾಗದ ಪುಟ್ಟಿ ಬ್ಲೇಡನ್ನು ಅಂಚಿನ ಕೆಳಗೆ ತೂರಿಸಿ, ನೆಲಕ್ಕೆ ಆದಷ್ಟು ಮಲಗಿಸಿ ಹಿಡಿದು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ. ಬ್ಲೇಡ್ ಎದ್ದು ನಿಂತರೆ ಟೈಲು ಚೂರಾಗುತ್ತದೆ. ಮಲಗಿದ್ದರೆ ಅಂಟು ಬಿಡುತ್ತದೆ. ಬಿಡದ ಟೈಲಿಗೆ ಬಿಸಿಗಾಳಿ ಊದುವ ಹೀಟ್ ಗನ್ನಿನಿಂದ ಕಡಿಮೆ ಶಾಖ ಕೊಡಿ. ಟೈಲು ರೊಟ್ಟಿಯಂತೆ ಬಾಗುವಷ್ಟು ಬಿಸಿಯಾದರೆ ಸಾಕು, ಹೊಗೆ ಬರಬಾರದು. ಗನ್ನು ಉರಿಯುತ್ತಿರುವಾಗ ನೀರು ಸಿಂಪಡಿಸಬೇಡಿ, ಒಂದು ಕೈಯಲ್ಲಿ ವಿದ್ಯುತ್ತು, ಇನ್ನೊಂದರಲ್ಲಿ ನೀರು ಎಂಬ ಸ್ಥಿತಿಯೇ ಬೇಡ. ಎಬ್ಬಿಸಿದ ಟೈಲಿನ ಅಡಿಗೂ ನೀರು ಸಿಂಪಡಿಸಿ ಹಾಗೇ ಚೀಲಕ್ಕೆ ಇಳಿಸಿ, ಎಸೆಯಬೇಡಿ, ಜಾಗ ಉಳಿಸಲು ಮುರಿಯಬೇಡಿ. ಟೈಲಿನ ಮೂಲೆ ಚೀಲವನ್ನು ಸೀಳುತ್ತದೆ, ಒಳಗೆ ಒಂದು ರಟ್ಟಿನ ಪೆಟ್ಟಿಗೆ ಇಟ್ಟರೆ ಈ ಕಾಟವಿಲ್ಲ. ಒಂದು ಚೀಲಕ್ಕೆ 10 ಕಿಲೋ ದಾಟದಿರಲಿ, ಬಾಯಿ ತಿರುಚಿ ಟೇಪ್ ಸುತ್ತಿ, ಎರಡನೇ ಚೀಲ, ಮೇಲೆ "ಕಲ್ನಾರು" ಎಂಬ ಚೀಟಿ.

ಟೈಲು ಪ್ಲೈವುಡ್ಡಿಗೆ ಅಂಟಿದ್ದರೆ ನೀರು ಕಡಿಮೆ ಬಳಸಿ, ಹಲಗೆ ಉಬ್ಬುತ್ತದೆ. ಇಲ್ಲಿ ಇನ್ನೊಂದು ಉಪಾಯವಿದೆ: ಒಂದು ಸಾಲು ಟೈಲು ಮಾತ್ರ ಎಬ್ಬಿಸಿ, ಬರಿದಾದ ಆ ಪಟ್ಟಿಯ ಅಂಟನ್ನು ಒದ್ದೆ ಮಾಡಿ ಕೆರೆದು ತೆಗೆದು, ಅಲ್ಲಿ ಗರಗಸ ಆಡಿಸಿ, ಪ್ಲೈವುಡ್ಡನ್ನು ಟೈಲಿನ ಸಮೇತ ದೊಡ್ಡ ತುಂಡುಗಳಾಗಿ ಎತ್ತಿ ಪಾಲಿಥೀನಿನಲ್ಲಿ ಸುತ್ತುವುದು. ಗರಗಸ ಟೈಲನ್ನಾಗಲಿ ಅಂಟನ್ನಾಗಲಿ ಮುಟ್ಟುವಂತಿಲ್ಲ ಎಂಬುದೇ ಇದರ ಷರತ್ತು.

ಕಾಂಕ್ರೀಟಿನ ಮೇಲೆ ಉಳಿದ ಕಪ್ಪು ಅಂಟಿಗೆ ಗ್ರೈಂಡರ್ ಹಾಕುವವರೇ ಹೆಚ್ಚು. ಇಡೀ ದಿನ ಜೋಪಾನವಾಗಿ ಟೈಲು ತೆಗೆದು ಕೊನೆಗೆ ಅಂಟನ್ನು ಒಣಗಿದ್ದಾಗಲೇ ಉಜ್ಜಿದರೆ ಜೋಪಾನವೆಲ್ಲ ನೀರಿನಲ್ಲಿ ಹೋಮ. ಏಣಿನಂತೆ ಎದ್ದ ಅಂಟನ್ನು ಮಾತ್ರ ಒದ್ದೆ ಮಾಡಿ ಕೆರೆಯಿರಿ. ತೆಳು ಕಲೆಯಂತೆ ಉಳಿದದ್ದು ಉಳಿಯಲಿ, ಅದರ ಮೇಲೆ ತೇಲುವ ನೆಲ ಹಾಸಬಹುದು. ಅಂಟು ಕರಗಿಸುವ ದ್ರಾವಣಗಳು ಕೆಲಸ ಮಾಡುತ್ತವೆ, ಆದರೆ ಎಣ್ಣೆಯ ಜಿಡ್ಡು ಉಳಿದು ಹೊಸ ಅಂಟು ಹಿಡಿಯದಂತೆ ಮಾಡುತ್ತವೆ. ಪೆಟ್ರೋಲು, ಸೀಮೆಎಣ್ಣೆ ಸುರಿಯುವುದನ್ನು ಯಾರಾದರೂ ಹೇಳಿಕೊಟ್ಟರೆ ಕೇಳಬೇಡಿ. ಮುಚ್ಚಿದ ಕೋಣೆಯಲ್ಲಿ ಅದರ ಆವಿಗೆ ಸ್ವಿಚ್ಚಿನ ಒಂದು ಕಿಡಿ ಸಾಕು.

ಮುಗಿದ ಮೇಲೆ ಒದ್ದೆ ಬಟ್ಟೆಯಿಂದ ಒರೆಸಿ, ಬಟ್ಟೆಗಳೂ ಕಸವೇ. ವ್ಯಾಕ್ಯೂಮ್ ಬೇಕೆಂದರೆ ಕಲ್ನಾರಿಗೆಂದೇ ಇರುವ ಹೆಪಾ (ಅತಿ ಸಣ್ಣ ಧೂಳನ್ನೂ ಹಿಡಿದಿಡುವ ಫಿಲ್ಟರಿನ) ಯಂತ್ರವನ್ನು ಬಾಡಿಗೆಗೆ ತನ್ನಿ. ಕವಚವನ್ನು ಒಳಮೈ ಹೊರಗಾಗುವಂತೆ ಸುರುಳಿ ಸುತ್ತಿ ಬಿಚ್ಚಿ, ಮುಖವಾಡ ತೆಗೆಯುವುದು ಎಲ್ಲಕ್ಕಿಂತ ಕೊನೆಗೆ. ನೇರ ಸ್ನಾನಕ್ಕೆ ಹೋಗಿ. ಆ ಬಟ್ಟೆಯಲ್ಲಿ ಮಕ್ಕಳನ್ನು ಎತ್ತಿಕೊಳ್ಳಬೇಡಿ, ಮನೆಯ ವಾಷಿಂಗ್ ಮೆಷಿನ್ನಿಗೂ ಹಾಕಬೇಡಿ.

ಗೊತ್ತಿಲ್ಲದೆ ಆಗಲೇ ಗ್ರೈಂಡರ್ ಹಾಕಿಬಿಟ್ಟಿದ್ದರೆ? ಯಂತ್ರ, ಫ್ಯಾನ್, ಏಸಿ ಎಲ್ಲ ಆರಿಸಿ, ಗುಡಿಸದೆ ಹೊರಬಂದು ಬಾಗಿಲ ಸಂದಿಗೆ ಟೇಪ್ ಹಾಕಿ. ಆ ಧೂಳನ್ನೇ ಪರೀಕ್ಷೆಗೆ ಕೊಡಿಸಿ. ಇದೆ ಎಂದಾದರೆ ಶುಚಿ ಮಾಡುವುದು ವೃತ್ತಿಪರರ ಕೆಲಸ, ಕೊನೆಗೆ ಗಾಳಿಯ ಪರೀಕ್ಷೆ ಆಗಬೇಕು. ಬ್ರಿಟನ್ ಮತ್ತು ಆಸ್ಟ್ರೇಲಿಯಾದಲ್ಲಿ ಕೋಣೆಯನ್ನು ಮತ್ತೆ ಬಳಕೆಗೆ ಬಿಡಲು ಒಂದು ಮಿಲಿಲೀಟರ್ ಗಾಳಿಗೆ 0.01 ಎಳೆಗಿಂತ ಕಡಿಮೆ ಇರಬೇಕೆಂಬ ಅಳತೆ ಇದೆ. ಒಮ್ಮೆ ಹೀಗಾಯಿತೆಂದು ರೋಗ ಬಂದೇ ಬರುತ್ತದೆ ಎಂದಲ್ಲ. ಎಷ್ಟು ಹೆಚ್ಚು ನಾರು, ಎಷ್ಟು ಹೆಚ್ಚು ದಿನ ಒಳಗೆ ಹೋಯಿತೋ ಅಪಾಯವೂ ಅಷ್ಟು ಹೆಚ್ಚು.

ಗುತ್ತಿಗೆಗೆ ಕೊಡುವವರು ಬಂದವರನ್ನು ಇಷ್ಟು ಕೇಳಿ: ಒದ್ದೆ ಮಾಡಿ ಕೀಳುತ್ತೀರೋ ಹೇಗೆ? ಅಂಟಿನ ಕೆಲಸವೂ ಈ ದರದಲ್ಲಿ ಸೇರಿದೆಯೇ? ಕಸ ಒಪ್ಪಿಸಿದ ರಸೀದಿ ಕೊಡುತ್ತೀರಾ? ಅಂಟನ್ನು ಸೇರಿಸದೆ ಹೇಳಿದ ದರ ಮೊದಲು ಅಗ್ಗ ಅನ್ನಿಸಿ ಆಮೇಲೆ ದುಪ್ಪಟ್ಟಾಗುತ್ತದೆ. ಸಾಮಾನು ಸಾಗಿಸುವುದು, ಹೊಸ ಹಲಗೆ ಹಾಸುವುದು, ಬಣ್ಣ, ಇವನ್ನು ನೀವೇ ಮಾಡಿಕೊಂಡು ಖರ್ಚು ಇಳಿಸಬಹುದು. ಒಡೆದ ಕೋಣೆಯೊಂದನ್ನು ಮಾತ್ರ ಕೀಳಿಸಿ ಉಳಿದವನ್ನು ಮುಚ್ಚುವುದು ಇನ್ನೊಂದು ದಾರಿ.

ಮುಚ್ಚಿದ ನೆಲಕ್ಕೆ ಕೊನೆಯದಾಗಿ ಒಂದು ಕೆಲಸ ಬಾಕಿ ಇರುತ್ತದೆ. ಹಲಗೆ ಹಾಸುವ ಮುನ್ನ ಪ್ರತಿ ಕೋಣೆಯ ಫೋಟೊ ತೆಗೆಯಿರಿ. ಯಾವ ಕೋಣೆಯಲ್ಲಿ, ಯಾವ ಪದರದಲ್ಲಿ ಕಲ್ನಾರಿದೆ ಎಂದು ಒಂದು ಕಾಗದದಲ್ಲಿ ತಾರೀಕಿನ ಸಮೇತ ಬರೆದು, ವರದಿಯ ಪ್ರತಿಯೊಂದಿಗೆ ಮನೆಯ ಪತ್ರಗಳಲ್ಲಿ ಇಡಿ. ಇನ್ನೊಂದು ಪ್ರತಿಯನ್ನು ಮೀಟರ್ ಬೋರ್ಡಿನ ಬಾಗಿಲ ಒಳಬದಿಗೆ ಅಂಟಿಸಿ. ಹತ್ತು ವರ್ಷದ ನಂತರ ಪೈಪಿಗಾಗಿ ನೆಲ ಕೊರೆಯಲು ಬರುವವರು ಕರೆಂಟು ಆರಿಸಲು ಮೊದಲು ತೆರೆಯುವುದು ಅದೇ ಬಾಗಿಲನ್ನು.